ವರದಿ ಬಂದ್ ಆದ ದಿನ

ಈ ಕತೆ ಖರೆ. ನಂಬದವರು ಅನಗವಾಡಿ ದಾರಿಯ ದನದ ದವಾಖಾನೆಗೆ ಹೋಗಿ ಡಾಕ್ಟರ್ ಅಜಯ ಅವರ ಮೂಗು ನೋಡಿ ಬರಬಹುದು. ಅದು ಇವತ್ತಿಗೂ ಎಡಕ್ಕೆ ಹೊರಳಿಕೊಂಡಿದೆ.

ಮೂಗು ನೆಟ್ಟಗಿದ್ದ ಆ ಬೆಳಿಗ್ಗೆ ಅಟೆಂಡರ್ ಮಹಾಲಿಂಗ ಬಾಗಿಲಲ್ಲಿ ನಿಂತು ಬೆವರುತ್ತಿದ್ದ. ಬಿ.ಎ. ಮುಗಿಸಿದವನು, ಕಂಡವರ ದನಿಯನ್ನೆಲ್ಲ ಅಣಕಿಸುವವನು.  ಕುರಿಗಾರ ನಿಂಗಣ್ಣ ಬೇನೆ ಬಿದ್ದು ಸತ್ತ ಕುರಿಗಳ ಕಿವಿ ಕೊಯ್ದು ತಂದು ಡಾಕ್ಟರ ಮೇಜಿನ ಮೇಲೆ ಸುರಿದಿದ್ದ. ಸತ್ತದ್ದಕ್ಕೆ ಗುರುತು ಬೇಕೆಂದು ಕಚೇರಿಯೇ ಕಲಿಸಿದ ಪದ್ಧತಿ. ಕೀಬೋರ್ಡಿನ ಸಂದಿಗೆ ರಕ್ತ ಇಳಿಯಿತು.

"ಕಿವಿ ತಂದೀನ್ರಿ. ಉಳದ ಕುರಿಗೆ ಸೂಜಿ ಹಾಕ್ತೀರೋ ಇಲ್ಲೋ?"

ಲಸಿಕೆ ಪಕ್ಕದ ಔಷಧದ ಕೋಣೆಯ ಫ್ರಿಜ್ಜಿನಲ್ಲೇ ಇತ್ತು. ಆದರೆ ಹಳೆಯ ಲಸಿಕೆಯ ವರದಿ ಮುಗಿಸದೆ ಹೊಸ ಬಾಟಲಿ ಮುಟ್ಟಬಾರದೆಂದು ಜಿಲ್ಲಾ ಸಾಹೇಬ ನಾಮದೇವರ ಕಟ್ಟಪ್ಪಣೆ. ಮುಂಜಾನೆಯದೊಂದು ವರದಿ, ಸಂಜೆಯದೊಂದು, ಅವೆರಡನ್ನೂ ಕಳಿಸಿದ್ದೇವೆ ಎಂದು ಮತ್ತೊಂದು.

"ನಾಳೆ ಬಾ ನಿಂಗಣ್ಣ. ಇನ್ನ ಕಾಲಂ ತುಂಬೂದೈತಿ," ಎಂದರು ಡಾಕ್ಟರು, ತಲೆ ಎತ್ತದೆ.

"ನಾಳಿಗಿ ಹಟ್ಟ್ಯಾಗ ನಾ ಒಬ್ಬನ ಉಳೀತೇನಿ."

ಸೊಪ್ಪು ಕಡಿಯುವ ಕೊಡಲಿ ಹೆಗಲಿನಿಂದ ಇಳಿಯಿತು. ಮೊದಲ ಏಟಿಗೆ ಪ್ರಿಂಟರ್ ಇಬ್ಭಾಗವಾಯಿತು, ಮುಂದಿನದಕ್ಕೆ ಕಂಪ್ಯೂಟರ್ ಸಿಡಿಯಿತು. ಫೈಲು ಕಾಯಲು ಮುಂದೆ ಬಿದ್ದ ಡಾಕ್ಟರ ಕುತ್ತಿಗೆ ಹಿಡಿದು ನಿಂಗಣ್ಣ ಮುಖವನ್ನು ಆ ಕಿವಿಗಳ ರಾಶಿಗೇ ಕುಕ್ಕಿದ. ಮೂಗಿನ ಎಲುಬು ಲಟಕ್ಕೆಂದಿತು. ಡಾಕ್ಟರು ಕೈಗೆ ಸಿಕ್ಕ ಸ್ಟೇಪ್ಲರಿನಿಂದ ಅವನ ಹಣೆ ಸೀಳಿದರು. ಬಿಡಿಸಹೋದ ಮಹಾಲಿಂಗನ ದವಡೆಗೆ ಮೊಣಕೈ ಬಿದ್ದು ಹಲ್ಲೊಂದು ಅಂಗೈಗೆ ಬಂತು. ನೋಡುವಷ್ಟರಲ್ಲಿ ಡಾಕ್ಟರು ನೆಲದ ಮೇಲೆ, ಅವರ ಎದೆಯ ಮೇಲೆ ನಿಂಗಣ್ಣನ ಮೊಣಕಾಲು, ಮೇಲೆ ಕೊಡಲಿ.

ಕೊಡಲಿ ಬಿದ್ದರೆ ಡಾಕ್ಟರು ಇಲ್ಲಿ, ನಿಂಗಣ್ಣ ಜೇಲಿನಲ್ಲಿ, ಕುರಿಗಳು ಹಟ್ಟಿಯಲ್ಲಿ ಮುಗಿದಂತೆ. ಮಹಾಲಿಂಗ ಔಷಧದ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡು ಮೊಬೈಲು ಒತ್ತಿದ. ಹೊರಗೆ, ನೆಲಕ್ಕೆ ಬಿದ್ದಿದ್ದ ಕಚೇರಿಯ ಹಳೇ ಫೋನು ಬಡಿದುಕೊಂಡಿತು.

"ತಡಿಯೋ," ಎಂದರು ಕೊಡಲಿಯ ಕೆಳಗಿನ ಡಾಕ್ಟರು. "ಸಾಹೇಬ್ರದು ಇರಬೇಕು. ಅವರು ವರದಿ ಕೇಳೂ ಹೊತ್ತು."

ನಿಂಗಣ್ಣ ಕಕ್ಕಾಬಿಕ್ಕಿಯಾಗಿ ತಡೆದ. ಡಾಕ್ಟರು ಮಲಗಿದಲ್ಲಿಂದಲೇ ಕೈ ಚಾಚಿ ಫೋನು ಎತ್ತಿದರು.

"ಅಜಯಾ, ಆತಿಲ್ಲೋ?" ನಾಮದೇವ ಸಾಹೇಬರದೇ ದನಿ, ಹಿಂದೆಯೇ ಅವರದೇ ಕೆಮ್ಮು. ಬಾಯಿ ತುಂಬ ರಕ್ತವಿದ್ದುದರಿಂದ ಕೆಮ್ಮನ್ನು ಮಹಾಲಿಂಗ ಅಣಕಿಸಬೇಕಾಗಲಿಲ್ಲ.

"ಆಗಾಕತ್ತೈತ್ರಿ ಸರ್. ಸ್ವಲ್ಪ ಹೊಡದಾಟ..."

"ವರದಿ ಎಲ್ಲಾ ಬಂದ್ ಮಾಡು. ನಾ ಬರೂತನಕ ಒಂದ ಹಾಳಿ ಕಳಸಬ್ಯಾಡ. ಮದಲ ಕುರಿಗೆ ಸೂಜಿ ಹಾಕು. ಆತಿಲ್ಲೋ?"

"ಆತ್ರಿ ಸರ್."

ಮಾತು ನಿಂಗಣ್ಣನ ಕಿವಿಗೂ ಬಿದ್ದಿತ್ತು. ಕೊಡಲಿ ಇಳಿಯಿತು. ಮೂವರೂ ಮುಖ ಒರೆಸಿಕೊಳ್ಳದೆಯೇ ಒಂದೇ ಬೈಕಿನಲ್ಲಿ ಐಸ್ ಡಬ್ಬಿ ಹಿಡಿದು ಹೊಳೆದಂಡೆಯ ಹಟ್ಟಿಗೆ ಹೋದರು. ಕಾಲು ಕೆದರುವ ಕುರಿಗಳನ್ನು ಕೆಡವಿ ಹಿಡಿದು ಸೂಜಿ ಚುಚ್ಚುವಾಗ ಡಾಕ್ಟರ ಮೂಗಿನ ರಕ್ತ ಉಣ್ಣೆಯ ಮೇಲೆ ತೊಟ್ಟಿಕ್ಕಿತು. ಆಗಲೇ ಜಡ್ಡಾಗಿದ್ದವುಗಳಲ್ಲಿ ಕೆಲವು ಸತ್ತವು. ಉಳಿದವು ಉಳಿದವು.

ತಿಂಗಳ ಮೇಲೆ ನಾಮದೇವ ಸಾಹೇಬರೇ ಜೀಪಿನಲ್ಲಿ ಬಂದರು. ಡಾಕ್ಟರ ಹಣೆಗೆ ಬೀರೇಶ್ವರ ದೇವರ ಅರಿಸಿನದ ಭಂಡಾರ ಹಚ್ಚಲು ಬಂದಿದ್ದ ನಿಂಗಣ್ಣ ಅಲ್ಲೇ ಇದ್ದ.

"ಈ ತಿಂಗಳ ನಿಮ್ಮ ವರದಿ ಭಾಳ ಚೊಕ್ಕ ಬಂದಾವ," ಎಂದರು ಸಾಹೇಬರು. "ಉಳದವ್ರು ನೋಡಿ ಕಲೀಬೇಕು."

"ಯಾವ ವರದಿರಿ ಸರ್? ನೀವ ಫೋನ್ ಮಾಡಿ ಬಂದ್ ಮಾಡು ಅಂದ್ರಲ್ರಿ."

ಮಹಾಲಿಂಗ ಬಾಗಿಲ ಕಡೆ ಸರಿದ. ನೌಕರಿ ಹೋದಂತೆಯೇ.  ಸಾಹೇಬರು ಈಗ ತಾನು ಹೇಳಿಲ್ಲವೆಂದರೆ, ಬಾರದ ವರದಿಯನ್ನು ಓದಿ ಹೊಗಳಿದ್ದು ಹೇಗೆಂದು ಹೇಳಬೇಕಲ್ಲ.

"ಹಾಂ, ನಾನ ಹೇಳಿದ್ದೆ," ಎಂದು ಕೆಮ್ಮಿದರು. "ಇನ್ಮ್ಯಾಲೂ ಬ್ಯಾಡ. ಎಲ್ಲಾ ದವಾಖಾನಿಗೂ ಹಿಂಗ ಹೇಳ್ತೇನಿ. ಆತಿಲ್ಲೋ?"

ಜೀಪು ತಿರುವಿನಲ್ಲಿ ಮರೆಯಾಯಿತು. ಜೀವ ಮರಳಿ ಬಂದ ಖುಷಿಗೆ ಮಹಾಲಿಂಗನ ಹಾಳು ಚಾಳಿ ತಡೆಯಲಿಲ್ಲ.

"ಆತಿಲ್ಲೋ?" ಎಂದು ಕೆಮ್ಮಿಬಿಟ್ಟ.

ಡಾಕ್ಟರು ಗಕ್ಕನೆ ತಿರುಗಿದರು. ಅದೇ ದನಿ, ಅದೇ ಕೆಮ್ಮು. ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿ ಮುಷ್ಟಿ ಎತ್ತಿದರು. ನಿಂಗಣ್ಣನ ಕೈ ಕೊಡಲಿಗೆ ಹೋಯಿತು.

"ಲೇ, ಅವತ್ತ ಕೆಮ್ಮಿದಾವ ನೀನೇನೋ?"

"ಹೂಂ ಸಾಹೇಬ್ರ."

ಡಾಕ್ಟರು ಮುಷ್ಟಿ ಬಿಚ್ಚಿ ಅವನ ಕೊರಳಪಟ್ಟಿ ಬಿಟ್ಟರು. ಮೊದಲು ನಿಂಗಣ್ಣ ಕಿಸಕ್ಕೆಂದ, ಆಮೇಲೆ ಮಹಾಲಿಂಗ. ಆಮೇಲೆ ಡಾಕ್ಟರು ನಗತೊಡಗಿದರು ನೋಡಿ, ವಾಸಿಯಾಗುತ್ತಿದ್ದ ಮೂಗು ಬಿರಿದು ಅಂಗಿ ಕೆಂಪಾಯಿತು, ಆದರೂ ನಿಲ್ಲಲಿಲ್ಲ. ಮಿಕ್ಕಿಬ್ಬರ ನಗು ಆ ಅಬ್ಬರದಲ್ಲಿ ಕೇಳಿಸಲೇ ಇಲ್ಲ.