ಮಡುರಾಯನ ಹಸಿವು

ಊರಿನ ಹೆಸರು ಬೇಡ. ಹೇಳಿದರೆ ಪಕ್ಕದೂರಿನವರು ನಗುತ್ತಾರೆ. ತಮ್ಮೂರಿನ ಕೆರೆಯೂ ಅಂಥದ್ದೇ ಎಂಬುದು ಅವರಿಗೆ ಆಮೇಲೆ ಗೊತ್ತಾಗುತ್ತದೆ. ದೊಡ್ಡ ಕೆರೆ, ಕೆರೆಯ ನಡುವೆ ತಳ ಕಾಣದ ಮಡು, ಮಡುವಿನಲ್ಲಿ ಮಡುರಾಯನೆಂಬ ಮೃಗ. ಅದನ್ನು ಕಂಡವರಿಲ್ಲ. ಹಾಗಂತ ಇಲ್ಲವೆಂದವರೂ ಇಲ್ಲ. ಆನೆಯನ್ನು ಅವಲಕ್ಕಿಯ ಹಾಗೆ ನುಂಗುವ ಬಾಯಿ ಅದರದು ಎಂದು ಅಲ್ಲಿಯ ಮರಿಗಳು ಕಣ್ಣು ಬಿಡುವ ಮೊದಲೇ ಕಲಿಯುತ್ತಿದ್ದವು.

ಕೆರೆಯ ಏರಿಯ ಮೇಲೆ ಒಂದು ಓದುಮನೆ. ಆ ಸೀಮೆಯ ಪ್ರಾಣಿಪಕ್ಷಿಗಳು ಬರೆದ ಪುಸ್ತಕವೆಲ್ಲ ಮೊದಲು ಅಲ್ಲಿಗೇ ಬರಬೇಕು. ಸಭೆ ಕೂಡುತ್ತದೆ, ಓದುಗರು ಅಭಿಪ್ರಾಯ ಹೇಳುತ್ತಾರೆ. ಒಪ್ಪಿದರೆ ಪುಸ್ತಕ ಕಪಾಟು ಸೇರುತ್ತದೆ. ಒಪ್ಪದಿದ್ದರೆ ಕೆಂಪು ದಾರದಲ್ಲಿ ಅದಕ್ಕೊಂದು ಕಲ್ಲು ಕಟ್ಟಿ ಮಡುವಿಗೆ ಬಿಡುತ್ತಾರೆ. ಸಭೆಗೊಂದು ಕಟ್ಟಳೆಯೂ ಇತ್ತು. ಪುಸ್ತಕ ಓದದವರಿಗೆ ಮೊದಲ ಮಾತು. ಅವರ ಮನಸ್ಸು ಇನ್ನೂ ಕೆಟ್ಟಿಲ್ಲವಲ್ಲ. ಓದಿದವರದು ಆಮೇಲೆ. ವಿಷಯವನ್ನು ಕಣ್ಣಾರೆ ಕಂಡವರದು ಕಟ್ಟಕಡೆಗೆ. ಹೊತ್ತು ಮುಳುಗಿದರೆ ಸಭೆ ಮುಗಿಯಿತು. ಕಟ್ಟಕಡೆಯ ಮಾತು ಕೇಳಿದ ನೆನಪು ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

ಇಂಥ ಓದುಮನೆಗೆ ಮೇಲಿನ ಹಳ್ಳಿಯ ಹೊಂಡದಿಂದ ಒಂದು ನೀರುಕಾಗೆ ಬಂತು. ಪ್ರಾಯದ ಹಕ್ಕಿ, ಕತ್ತು ಉದ್ದ, ಮಾತು ಅದಕ್ಕಿಂತ ಉದ್ದ. ರೆಕ್ಕೆಯಡಿ ತಾನೇ ಬರೆದ ಪುಸ್ತಕ. "ಇದು ಆ ಕಪಾಟಿನಲ್ಲಿ ಕೂರದೇ ಹೋದರೆ ಈ ಹೊಂಡಕ್ಕೆ ಮತ್ತೆ ಕೊಕ್ಕು ಇಡಲ್ಲ," ಎಂದು ಹೊರಡುವಾಗ ಇಡೀ ಹಳ್ಳಿಗೆ ಕೇಳುವ ಹಾಗೆ ಹೇಳಿ ಬಂದಿತ್ತು.

"ಇರೋದು ಒಂದೇ ಪ್ರತಿ ಕಣೋ. ಇನ್ನೊಂದು ಬರೆದಿಟ್ಟು ಹೋಗು," ಎಂದಿದ್ದಳು ಅದರ ಸೋದರತ್ತೆ.

"ಹುಲಿಗೆ ಒಂದೇ ಮರಿ ಸಾಕು ಅತ್ತೆ."

ಪುಸ್ತಕದ ಹೆಸರು 'ಮಡುವಿನ ಮೌನ'. ರೋಚಕ ಕಾದಂಬರಿ, ಆದರೆ ಬೆನ್ನೆಲುಬು ವಿಜ್ಞಾನದ್ದು. ನೀರುನಾಯಿ ಪಂಡಿತನೊಬ್ಬ ಮಡುರಾಯನನ್ನು ಹುಡುಕಲು ಬರುತ್ತಾನೆ. ಆಳ ಅಳೆಯುತ್ತಾನೆ, ನೀರಿನ ಬಿಸಿ ನೋಡುತ್ತಾನೆ, ಮೀನು ಎಣಿಸುತ್ತಾನೆ. ಅಧ್ಯಾಯಕ್ಕೊಮ್ಮೆ ಅವನ ದೋಣಿಯ ಹಗ್ಗವನ್ನು ಯಾರೋ ಕಡಿಯುತ್ತಾರೆ. ಕೊನೆಗೆ ಅವನಿಗೆ ಒಂದು ಸಂಗತಿ ಹೊಳೆಯುತ್ತದೆ: ಈ ಕೆರೆಯ ಮೀನೆಲ್ಲ ತಿಂದರೂ ಅಷ್ಟು ದೊಡ್ಡ ಮೃಗದ ಹೊಟ್ಟೆ ತುಂಬದು, ಅದು ಎಂದೋ ಸಾಯಬೇಕಿತ್ತು. ಸತ್ತಿಲ್ಲವಾದರೆ ದಡದಿಂದ ಯಾರೋ ಅದಕ್ಕೆ ಉಣಿಸುತ್ತಿದ್ದಾರೆ. ಯಾರು? ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಸಭೆ ಕೂಡಿತು. ಅಧ್ಯಕ್ಷಸ್ಥಾನದಲ್ಲಿ ಮುದಿ ಕೋಣ. ಮೊದಲು ಎದ್ದದ್ದು ಹುಂಜ.

"ನಾನು ಪುಸ್ತಕ ಮುಟ್ಟಿಲ್ಲ, ಅದಕ್ಕೇ ಧೈರ್ಯವಾಗಿ ಹೇಳ್ತೀನಿ. ಇದರಲ್ಲಿ ವಿಜ್ಞಾನ ಜಾಸ್ತಿ."

"ಮುಟ್ಟದೆ ಹೆಂಗೆ ಗೊತ್ತಾಯ್ತಣ್ಣ?" ಎಂದಿತು ನೀರುಕಾಗೆ.

"ದಪ್ಪ ನೋಡಿದರೆ ಗೊತ್ತಾಗಲ್ವ ತಮ್ಮ? ಬರೀ ಮೃಗ ಇದ್ದಿದ್ದರೆ ಇಷ್ಟು ದಪ್ಪ ಬರ್ತಿರಲಿಲ್ಲ."

ಮೇಕೆ ರಟ್ಟಿನ ಒಂದು ಮೂಲೆಯನ್ನು ಆಗಲೇ ರುಚಿ ನೋಡಿತ್ತು. "ಅಂಟು ಚೆನ್ನಾಗಿದೆ," ಎಂದಿತು, "ಒಳಗಿನದು ನಮ್ಮ ಮಕ್ಕಳಿಗೆ ಅರಗಲ್ಲ."

ಕಪ್ಪೆ ಅರ್ಧ ಓದಿತ್ತು. "ಮಡುರಾಯ ಬರುತ್ತೆ, ಬರುತ್ತೆ ಅಂತ ಜೀವ ಬಿಗಿ ಹಿಡಿದು ಹಾಳೆ ತಿರುವಿದೆ. ಥರ್ಮಾಮೀಟರ್ ಬಂತು. ನಮ್ಮಜ್ಜಿ ಹೇಳ್ತಿದ್ದ ಮಡುರಾಯ ಒಂದೇ ಉಸಿರಿಗೆ ಮದುವೆ ದಿಬ್ಬಣ ನುಂಗಿ ವಾಲಗ ಮಾತ್ರ ಉಗುಳಿತ್ತು. ಅದು ಕಥೆ."

"ನಿಮ್ಮಜ್ಜಿ ನೀರಿಗೆ ಇಳಿದು ನೋಡಿದ್ರಾ?"

"ಕಪ್ಪೆಯ ಅಜ್ಜಿ ನೀರಿಗೆ ಇಳಿದಿದ್ಲಾ ಅಂತ ಕೇಳ್ತಾನಲ್ರೀ ಇವನು," ಎಂದಿತು ಕಪ್ಪೆ. ಸಭೆ ನಕ್ಕಿತು. ನೀರುಕಾಗೆ ಕತ್ತು ಇನ್ನಷ್ಟು ಎತ್ತಿ ಕೂತಿತು. ಹೊತ್ತು ಇಳಿಯುತ್ತಿತ್ತು.

ಪೂರ್ತಿ ಓದಿದ್ದು ಆಮೆ ಒಂದೇ. ಅದು ಎದ್ದು ನಿಲ್ಲುವ ಹೊತ್ತಿಗೆ ನೆರಳುಗಳು ಏರಿಯನ್ನು ದಾಟಿದ್ದವು. "ಹಗ್ಗ ಕಡಿಯೋ ಜಾಗದಲ್ಲಿ ನಾನು ಚಿಪ್ಪಿನೊಳಗೆ ತಲೆ ಎಳ್ಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಉಣಿಸೋರು ಯಾರು ಅಂತ ಕೊನೆಗೂ ಹೇಳಲೇ ಇಲ್ಲ. ಅಷ್ಟು ದೂರ ನಡೆಸಿಕೊಂಡು ಹೋಗಿ ಹಂಗೆ ಬಿಟ್ಟು ಬರೋದು ನ್ಯಾಯವಲ್ಲ."

"ನನ್ನ ವಿಜ್ಞಾನ ದಡದವರೆಗೆ ಬಂತು. ದಡದಲ್ಲಿರೋರು ನೀವು. ಮುಂದಿನದನ್ನ ನೀವು ಹುಡುಕಿ," ಎಂದಿತು ನೀರುಕಾಗೆ.

"ನಾವು ಓದುಗರು ತಮ್ಮಾ, ಪೊಲೀಸರಲ್ಲ," ಎಂದಿತು ಕೋಣ. ಸಭೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಬಾಲ ಬೀಸಿತು. ಬಾಲ ಬೀಸಿದ್ದು ಕೆರೆಯ ಕಡೆಗೆ, ಅದೇ ತೀರ್ಪು.

ಕೆಂಪು ದಾರ ಬಂತು, ಕಲ್ಲು ಬಂತು. ಎರಡು ಮುದಿ ಬಾತುಗಳು ಪುಸ್ತಕವನ್ನು ಮಡುವಿನವರೆಗೆ ಒಯ್ದು ಬಿಟ್ಟವು. ನೀರುಕಾಗೆಯ ಕಣ್ಣ ಮುಂದೆ ಅದರ ಒಂದೇ ಮರಿ ಮುಳುಗಿತು. ಮರುಗಳಿಗೆಯಲ್ಲಿ ಅದೂ ಧುಮುಕಿತು. ಮುಳುಗುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅದು ಕೊಚ್ಚಿಕೊಳ್ಳುತ್ತಿತ್ತು. ಅದೊಂದು ಮಾತ್ರ ಕೊಚ್ಚಿದ್ದಲ್ಲ, ನಿಜ.

ಬೆಳಕು ಹಸಿರಾಯಿತು, ಆಮೇಲೆ ಕಂದುಬಣ್ಣಕ್ಕೆ ತಿರುಗಿತು. ಪುಸ್ತಕ ಕೆಳಗೆ, ಅದು ಮೇಲೆ. ಇನ್ನೇನು ದಾರಕ್ಕೆ ಕೊಕ್ಕು ತಾಗಬೇಕು, ಅಷ್ಟರಲ್ಲಿ ಮಡುವಿನ ತಳವೇ ಬಾಯಿ ತೆರೆಯಿತು. ಮೀನುಗಳು ಆ ಬಾಯಿಯ ಅಂಚಿನಲ್ಲೇ ಹೆದರಿಕೆಯಿಲ್ಲದೆ ಆಡುತ್ತಿದ್ದವು. ಮಡುರಾಯ ಅವುಗಳ ಕಡೆ ನೋಡಲೂ ಇಲ್ಲ. ಕಲ್ಲುಸಮೇತ ಪುಸ್ತಕವನ್ನು ಒಳಗೆ ತೆಗೆದುಕೊಂಡು ನಿಧಾನಕ್ಕೆ ಅಗಿಯಿತು. ಅದರ ಹಲ್ಲುಗಳ ಸಂದಿನಲ್ಲೆಲ್ಲ ಕೆಂಪು ದಾರಗಳು ತೂಗುತ್ತಿದ್ದವು. ಕೆಲವು ಹೊಸವು, ಕೆಲವು ಬಣ್ಣ ಬಿಟ್ಟವು, ಕೆಲವು ಪಾಚಿ ಹಿಡಿದವು.

ನೀರುಕಾಗೆ ಮೇಲೆ ಬಂದು ಏರಿಯನ್ನು ಹತ್ತಿತು. ಮೈಯೆಲ್ಲ ತೊಟ್ಟಿಕ್ಕುತ್ತಿತ್ತು. "ಇದೆ," ಎಂದಿತು. "ಕಂಡೆ. ಉಣಿಸೋರು ಯಾರು ಅಂತಾನೂ ಕಂಡೆ."

ಕೋಣ ಕೇಳಿತು: "ಕಣ್ಣಾರೆ ಕಂಡೆಯಾ?"

"ಕಣ್ಣಾರೆ."

"ಹಂಗಿದ್ರೆ ನಿನ್ನ ಮಾತು ಕಟ್ಟಕಡೆಗೆ." ಕೋಣ ಪಡುವಣಕ್ಕೆ ತಿರುಗಿ ನೋಡಿತು. ಅಲ್ಲಿ ಸೂರ್ಯನಿರಲಿಲ್ಲ. "ಸಭೆ ಮುಗೀತು."

ಎಲ್ಲರೂ ಹೋದರು. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ನಿಂತಿತು. ಕೋಣ ಮಾತ್ರ ಉಳಿದಿತ್ತು.

"ಅಷ್ಟು ಆಳ ಇಳಿಯೋರು ನಮ್ಮಲ್ಲಿಲ್ಲ. ಬಾತುಗಳಿಗೂ ವಯಸ್ಸಾಯ್ತು. ಪುಸ್ತಕ ಬಿಡೋ ಕೆಲಸ ನೀನು ವಹಿಸ್ಕೋ. ಕಪಾಟಿನ ಪಕ್ಕದಲ್ಲೇ ನಿನಗೊಂದು ಪೀಠ ಹಾಕಿಸ್ತೀನಿ."

"ನನ್ನ ಪುಸ್ತಕ?"

"ಪುಸ್ತಕ ಹೋಯ್ತು. ನೀನಿದ್ದೀಯಲ್ಲ."

ನೀರುಕಾಗೆಗೆ ಹಳ್ಳಿಯ ಹೊಂಡ ನೆನಪಾಯಿತು, ಅಲ್ಲಿ ಗಟ್ಟಿಯಾಗಿ ಆಡಿ ಬಂದ ಮಾತು ನೆನಪಾಯಿತು. ರೆಕ್ಕೆ ಒಣಗುವಷ್ಟರಲ್ಲಿ ಅದು ಒಪ್ಪಿತ್ತು. ಹಳ್ಳಿಗೆ ಹೋಗಿ ಹೇಳಿದ್ದು ಹೀಗೆ: "ಪುಸ್ತಕ ಯಾವ ಲೆಕ್ಕ ಅತ್ತೆ, ಓದುಮನೆಗೆ ನಾನೇ ಸೇರಿದೆ."

ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಬಾತುಗಳ ಗಂಟು ಒಮ್ಮೊಮ್ಮೆ ಬಿಚ್ಚಿಹೋಗಿ ಪುಸ್ತಕಗಳು ತೇಲಿ ದಡ ಸೇರುತ್ತಿದ್ದವಂತೆ. ಇದರ ಗಂಟು ಒಂದೂ ಬಿಚ್ಚಲಿಲ್ಲ. ಆಮೇಲೆ ಬಂದ ಪುಸ್ತಕಗಳಲ್ಲಿ ಎಷ್ಟೋ, ಉಣಿಸುವವರು ಯಾರೆಂಬ ಅದೇ ಪ್ರಶ್ನೆ ಕೇಳಿದವು. ಎಲ್ಲವೂ ಮಡುವಿಗೇ ಹೋದವು.

ಒಂದು ಬೇಸಿಗೆಯಲ್ಲಿ ಕೆರೆಯ ನಡುವೆ ದಿಬ್ಬವೊಂದು ಕಾಣಿಸಿತು. ನೀರು ಇಳಿದಿದೆ, ನೆಲ ಎದ್ದಿದೆ ಎಂದರು. ಗಾಳಿ ಚೆನ್ನಾಗಿ ಬೀಸುತ್ತದೆಂದು ಸಭೆಯನ್ನು ಅಲ್ಲಿಗೇ ಸಾಗಿಸಿದರು. ಪೀಠವನ್ನೂ ದೋಣಿಯಲ್ಲಿ ಒಯ್ದರು.

"ನೆಲ ಮೆತ್ತಗಿದೆ," ಎಂದಿತು ಕಪ್ಪೆ.

"ಬೆಚ್ಚಗೂ ಇದೆ," ಎಂದಿತು ಮೇಕೆ, ಹುಲ್ಲೇನಾದರೂ ಇದೆಯೇ ಎಂದು ಮೂಸುತ್ತ.

ನೀರುಕಾಗೆಯ ಕಾಲಡಿಯಲ್ಲಿ ದಿಬ್ಬ ಮೆಲ್ಲನೆ ಏರಿ, ಮೆಲ್ಲನೆ ಇಳಿಯಿತು. ಹಾರಿಹೋಗಬಹುದಿತ್ತು. ಪೀಠಕ್ಕೆ ಹೊಸ ಮೆತ್ತೆ ಹಾಕಿಸಿದ್ದರು. ಅದು ಕತ್ತು ಎತ್ತಿ, "ಅಧ್ಯಕ್ಷರೇ, ಒಂದು ಮಾತು," ಎಂದಿತು.

"ನೀವು ಕಣ್ಣಾರೆ ಕಂಡವರು," ಎಂದಿತು ಕೋಣ, ಈಗ ಬಹುವಚನದಲ್ಲಿ. "ನಿಮ್ಮದು ಕಟ್ಟಕಡೆಗೆ. ಹುಂಜಣ್ಣ, ನೀವು ಶುರು ಮಾಡಿ. ಹೊತ್ತು ಇನ್ನೂ ಬೇಕಾದಷ್ಟಿದೆ."