ರುಮಾಲು ದಾಟಿದ ಹದಿನೇಳನೇ ನಂಬರು

ಮನಗೂಳಿಯ ಹಿಟ್ಟಿನ ಗಿರಣಿಯ ರೇವಪ್ಪ ಆವತ್ತು ಪೆಟ್ಟಿಗೆಯಿಂದ ತನ್ನ ಮದುವೆಯ ರುಮಾಲು ತೆಗೆಸಿದ. ಮಾವ ಕೊಟ್ಟದ್ದು, ಜರಿಯಂಚಿನದು. ವರ್ಷಾನುಗಟ್ಟಲೆ ಹೊರಗೆ ಬಂದಿರಲಿಲ್ಲ.

"ಯಾರ ಲಗ್ನ ಐತಿ?" ಎಂದು ಹೆಂಡತಿ ಇಂದುಬಾಯಿ ಕೇಳಿದಳು.

"ಲಗ್ನ ಇಲ್ಲ. ಜಗಳ ಐತಿ."

"ಜಗಳಕ್ಕ ಜರಿ ಯಾಕ? ಹಳೇದು ಸಾಕಾಗೂದಿಲ್ಲೇನು?"

"ಇವತ್ತಿಂದಕ್ಕ ಸಾಕಾಗೂದಿಲ್ಲ," ಎಂದು ಹೇಳಿ ಬಾಗೇವಾಡಿಯ ಬಸ್ಸು ಹತ್ತಿದ.

1978ರ ಫೆಬ್ರುವರಿ. ಹಾದಿಯುದ್ದಕ್ಕೂ ಚುನಾವಣೆಯ ಜೀಪುಗಳು ಕೂಗುತ್ತ ಓಡಾಡುತ್ತಿದ್ದವು. ಬಾಗೇವಾಡಿಯಲ್ಲಿ ಆ ದಿನ ಇನ್ನೊಂದು ಕೂಟವಿತ್ತು, ಅದಕ್ಕೂ ಚುನಾವಣೆಗೂ ಸಂಬಂಧವಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳ ನಡುವೆ ಹಿಂದೆ ಬಾಡಿಗೆ ಸೈಕಲ್ಲಿನ ಶರ್ಯತ್ತು ನಡೆಯುತ್ತಿತ್ತು. ಬರಗಾಲದ ವರ್ಷ ನಿಂತದ್ದು ಮತ್ತೆ ಶುರುವಾಗಲಿಲ್ಲ. ಆದರೆ ಅದನ್ನು ನೋಡಿದ ಮಂದಿ ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಸೇರಿ ಹಳೆಯ ಸವಾರರ ಹೆಸರು ಕೂಗುತ್ತಿದ್ದರು. ಒಂದೊಂದು ಹೆಸರಿಗೂ ನೆರೆದವರೆಲ್ಲ ಸೈಕಲ್ ಗಂಟೆ ಬಾರಿಸಬೇಕು. ಕೂಟ ಎಂದರೆ ಅಷ್ಟೇ.

ಆ ಶರ್ಯತ್ತಿನ ಕಟ್ಟಳೆ ಸರಳವಾಗಿತ್ತು. ಸೈಕಲ್ಲು ಅಂಗಡಿಯಿಂದ ಬಾಡಿಗೆಗೆ ಹೇಗೆ ಸಿಗುತ್ತದೋ ಹಾಗೆಯೇ ಓಡಬೇಕು, ಒಂದು ನಟ್ಟನ್ನೂ ಬದಲಿಸುವಂತಿಲ್ಲ. ಹಿಂದಿನ ಮಡ್‌ಗಾರ್ಡಿನ ಮೇಲೆ ಅಂಗಡಿಯವನು ಬಿಳಿ ಬಣ್ಣದಲ್ಲಿ ಬರೆದ ನಂಬರೇ ಸವಾರನ ನಂಬರು. ಎರೆ ನೆಲ ಬಿರಿಯುವ ನೆಲವಾದ್ದರಿಂದ ದಾರಿಯನ್ನು ಕಣ ಮಾಡಿದ ಹಾಗೆ ಮಾಡುತ್ತಿದ್ದರು: ನೀರು ಹೊಡೆದು, ಹೊಟ್ಟು ಚೆಲ್ಲಿ, ಎತ್ತು ತುಳಿಸಿ, ಸಗಣಿ ಸಾರಿಸಿ. ಸಣ್ಣ ಸುತ್ತು; ತಿರುವುಗಳು ಬಿಗಿ. ಹೊರ ಅಂಚಿಗೆ ಸುಣ್ಣ ಹಾಕುತ್ತಿರಲಿಲ್ಲ. ನೋಡಲು ಬಂದವರೇ ತಮ್ಮ ರುಮಾಲು ಬಿಚ್ಚಿ ಸಾಲಾಗಿ ಇಡುತ್ತಿದ್ದರು. ಒಬ್ಬರ ತಲೆಯ ಮೇಲಿನದನ್ನು ತುಳಿಯುವ ಧೈರ್ಯ ಯಾರಿಗಿರುತ್ತದೆ? ಗಾಲಿ ರುಮಾಲಿನ ಮೇಲೆ ಹೋದರೆ ಸವಾರ ಔಟ್. ಬರೀ ಆ ದಿನಕ್ಕಲ್ಲ, ಜೀವಮಾನಕ್ಕೆ. ಅವನ ಹೆಸರನ್ನು ಯಾವ ಕೂಟದಲ್ಲೂ ಕೂಗುವಂತಿರಲಿಲ್ಲ.

ರೇವಪ್ಪ ಬಂದಾಗ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಕೂಟದವರು ಆಗಲೇ ಕೂತಿದ್ದರು. ಮಾತಿನ ಯಜಮಾನಿಕೆ ಮಲಿಕಸಾಬನದು. ಸಿಂದಗಿಯ ಸೈಕಲ್ ಅಂಗಡಿಯವನು ಅವನು. ಶರ್ಯತ್ತಿನ ಸೈಕಲ್ಲುಗಳೆಲ್ಲ ಅವನವು, ಹೆಸರು ಕೂಗುವವನೂ ಅವನೇ. ಪಕ್ಕದಲ್ಲಿ ಮುದ್ದೇಬಿಹಾಳದ ಖಾಜಾಸಾಬ, ಹಳೆಯ ಸವಾರ, ಈಗ ಹೊಟ್ಟೆ ಬಂದಿತ್ತು.

"ಈ ಖಾಜಾಸಾಬಗ ಬ್ರೇಕ್ ಅಂದ್ರ ಏನಂತ ಗೊತ್ತಿರಲಿಲ್ಲ," ಎನ್ನುತ್ತಿದ್ದ ಮಲಿಕಸಾಬ. "ಒಮ್ಮೆ ಗೆದ್ದ ಮ್ಯಾಲೂ ನಿಲ್ಲಲಿಲ್ಲ. ಸೀದಾ ಹೋಗಿ ಕಣಿಕಿ ಬಣವಿಯೊಳಗ ಹೊಕ್ಕ. ಕಪ್ಪು ಹಿಡಕೊಂಡು ನಾವು ಬಣವಿ ಮುಂದ ನಿಂತಿದ್ವಿ."

"ಬ್ರೇಕ್ ಇರೂ ಸೈಕಲ್ ಕೊಟ್ಟಿದ್ರ ಗೊತ್ತಿರ್ತಿತ್ತು, ಕಾಕಾ," ಎಂದ ಖಾಜಾಸಾಬ. ಅಂಗಡಿಯೆಲ್ಲ ನಕ್ಕಿತು.

ಆಗ ಗುರುಲಿಂಗಪ್ಪ ಗೌಡರು ಒಳಗೆ ಬಂದರು. ಎಲ್ಲರೂ ಎದ್ದು ಜಾಗ ಮಾಡಿದರು. ಸಿಂದಗಿ ಕಡೆಯ ದೊಡ್ಡ ಹೊಲದವರು. ಶರ್ಯತ್ತು ಹುಟ್ಟಿಸಿದವರೇ ಅವರು. ಯಾವ ವರ್ಷ ಯಾವ ಸುತ್ತಿನಲ್ಲಿ ಯಾರು ಮುಂದಿದ್ದರೆಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುವಷ್ಟು ಪ್ರೀತಿ ಇತ್ತು. ಕೈಯಲ್ಲಿ ಬಟ್ಟೆ ಸುತ್ತಿದ ಗಂಟು.

"ರೇವಪ್ಪ, ಎಪ್ಪತ್ತೊಂದರ ಕಪ್ಪು ತಂದೀನಿ. ಏಳು ವರ್ಷ ನಮ್ಮ ಕಪಾಟಿನ್ಯಾಗ ಕೊಳಿಯಾಕತ್ತೈತಿ. ಇವತ್ತ ತಗೊಂಬಿಡು."

"ಮೊದಲ ಖಂಡೆಪ್ಪನ ಹೆಸರು ಕೂಗಸ್ರಿ, ಗೌಡ್ರ."

ಈ ಮಾತು ರೇವಪ್ಪ ಪ್ರತಿ ವರ್ಷ ಎತ್ತುತ್ತಿದ್ದ, ಪ್ರತಿ ವರ್ಷ ಗೌಡರು ಬದಿಗಿಡುತ್ತಿದ್ದರು. ನಡೆದದ್ದು ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. 1971ರಲ್ಲಿ ಸಿಂದಗಿಯ ಕೊನೆಯ ಸುತ್ತು, ಕೊನೆಯ ತಿರುವು. ಒಂಬತ್ತನೇ ನಂಬರಿನ ರೇವಪ್ಪ ಮುಂದಿದ್ದ. ಹಿಂದೆಯೇ ಹದಿನೇಳನೇ ನಂಬರಿನ ಖಂಡೆಪ್ಪ, ಇಂಡಿ ರೋಡ್ ಸ್ಟೇಶನ್ನಿನ ಗ್ಯಾಂಗ್‌ಮನ್. ಉಳಿದವರು ಬಹಳ ಹಿಂದೆ. ಗಾಲಿ ಜಾರಿ ರೇವಪ್ಪ ಬಿದ್ದ. ಸೈಕಲ್ಲು ಒಳ ಬದಿಗೆ ಅಡ್ಡ, ಅವನ ತಲೆ ಹೊರ ಬದಿಗೆ. ಅವನ ತಲೆಗೂ ಗೌಡರ ರುಮಾಲಿಗೂ ನಡುವೆ ಗಾಲಿ ತೂರುವಷ್ಟು ಜಾಗವಿರಲಿಲ್ಲ. ಖಂಡೆಪ್ಪ ರುಮಾಲಿನ ಮೇಲೆ ಹತ್ತಿಸಿದ. ಅವನೇ ಮೊದಲು ಬಂದ. ಎದ್ದು ಹತ್ತಿದ ರೇವಪ್ಪ ಎರಡನೆಯವನಾಗಿ ಬಂದ. ಗೌಡರು ಖಂಡೆಪ್ಪ ಔಟ್ ಎಂದರು. ಕಪ್ಪು ರೇವಪ್ಪನದು ಎಂದರು. ರೇವಪ್ಪ ಮುಟ್ಟಲಿಲ್ಲ. ಮಂದಿ ಅದಕ್ಕಿಂತ ಹೆಚ್ಚು ಆಡಿಕೊಂಡದ್ದು ಬೇರೆಯೇ: ಕೇರಿಯವನು, ಗೌಡರ ರುಮಾಲು. ಮೂರು ವರ್ಷದ ಹಿಂದೆ ಖಂಡೆಪ್ಪ ಕಾಮಾಲೆಯಲ್ಲಿ ತೀರಿಕೊಂಡ.

"ಯಾರ ಜಾತಿ ನೋಡಿ ನಾ ಔಟ್ ಮಾಡಿಲ್ಲ," ಎಂದರು ಗೌಡರು. "ಕಟ್ಟಳೆ ಅಂದ್ರ ಕಟ್ಟಳೆ. ಗಾಲಿ ಹಾದೈತಿ, ಔಟ್."

"ಅರವತ್ತೆಂಟರಾಗ ಮುದ್ದೇಬಿಹಾಳದಾಗ ನನ್ನ ರುಮಾಲಿನ ಮ್ಯಾಲೂ ಹಾದಿತ್ತಲ್ರಿ," ಎಂದ ಮಲಿಕಸಾಬ, ಬಸಿಯಲ್ಲಿ ಚಹಾ ಆರಿಸುತ್ತ. "ನಿಮ್ಮ ಭಾವಮೈದುನ ಮಲ್ಲಣ್ಣಂದು. ಆಗ ಗಾಳಿಗೆ ರುಮಾಲೇ ಸರದು ಬಂತು ಅಂದ್ರಿ. ಎಂಥಾ ಗಾಳಿನೋ, ಆಜೂಬಾಜೂದ್ದು ಒಂದೂ ಅಲುಗಿರಲಿಲ್ಲ."

ಮೂಲೆಯಲ್ಲಿ ಕೂತಿದ್ದ ಮಲ್ಲಣ್ಣ ತನ್ನ ಬಸಿಯನ್ನೇ ನೋಡತೊಡಗಿದ. ನಾಲ್ಕನೇ ನಂಬರು ಎಂದು ಅವನ ಹೆಸರನ್ನು ಪ್ರತಿ ವರ್ಷ ಕೂಗುತ್ತಿದ್ದರು.

"ಹಳೇ ಮಾತು ಬ್ಯಾಡ," ಎಂದರು ಗೌಡರು. "ಬರ್ರಿ, ಹೊತ್ತಾತು."

ಕೂಟ ಮನಗೂಳಿ ರಸ್ತೆಯ ಪಕ್ಕದ ಹೊಲದಲ್ಲಿ. ಓಡುವವರಿಲ್ಲದಿದ್ದರೂ ಮಂದಿ ಹಠಕ್ಕೆ ಬಿದ್ದು ಪ್ರತಿ ವರ್ಷ ದಾರಿ ಸಾರಿಸುತ್ತಿದ್ದರು, ಅಂಚಿಗೆ ರುಮಾಲು ಇಡುತ್ತಿದ್ದರು. ಮೈಕು ಚುನಾವಣೆಗೆ ಬಾಡಿಗೆ ಹೋಗಿದ್ದರಿಂದ ಮಲಿಕಸಾಬ ಬರೀ ಗಂಟಲಲ್ಲೇ ಕೂಗಬೇಕಿತ್ತು.

ಬೇವಿನ ಗಿಡದ ಕೆಳಗೆ ಖಂಡೆಪ್ಪನ ಹೆಂಡತಿ ಸೀತವ್ವ ನಿಂತಿದ್ದಳು. ಕೈಯಲ್ಲಿ ಒಂದು ಸೈಕಲ್ ಗಂಟೆ. ಶರ್ಯತ್ತಿನ ದಿನ ಮಲಿಕಸಾಬ ಹದಿನೇಳನೇ ನಂಬರಿನಿಂದ ಬಿಚ್ಚಿ, ಕಪ್ಪಿನ ಬದಲು ಇದನ್ನಾದರೂ ಇಟ್ಟುಕೋ ಎಂದು ಖಂಡೆಪ್ಪನಿಗೆ ಕೊಟ್ಟದ್ದು. ಹದಿನೇಳು ಅಂದಿನಿಂದ ಗಂಟೆಯಿಲ್ಲದೆಯೇ ಬಾಡಿಗೆಗೆ ಹೋಗುತ್ತಿತ್ತು.

"ತಂಗಿ, ಬಿಸಿಲಾಗ ಯಾಕ ಬಂದಿ?" ಎಂದ ರೇವಪ್ಪ.

"ಹೆಸರು ಕೂಗಿದ್ರ ಬಾರಸಾಕ ಬಂದೀನಿ, ಅಣ್ಣ. ಕೂಗದಿದ್ರ ಎಲ್ಲಾರ ಮುಖ ನೋಡಿ ಹೋಗ್ತೀನಿ. ಮುಖ ತೋರಸೂ ಕಷ್ಟ ಅವರ್ದು, ನಂದಲ್ಲ."

ಹೆಸರು ಕೂಗುವುದು ಶುರುವಾಯಿತು. ಗಂಟೆಗಳು ಹೊಲ ತುಂಬಿದವು. ಕೊನೆಗೆ ಗೌಡರು ಗಂಟು ಬಿಚ್ಚಿ, ಎರಡು ಹಿಡಿಯ ಬೆಳ್ಳಿಬಣ್ಣದ ಕಪ್ಪನ್ನು ಎತ್ತಿ ಹಿಡಿದರು. ಮಲಿಕಸಾಬ ಒಲ್ಲದ ದನಿಯಲ್ಲಿ ಕೂಗಿದ: "ಎಪ್ಪತ್ತೊಂದು! ಒಂಬತ್ತನೇ ನಂಬರು! ಮನಗೂಳಿ ರೇವಪ್ಪ!"

ಗಂಟೆಗಳು ಮೊಳಗಿದವು. ರೇವಪ್ಪ ಕಪ್ಪಿನ ಕಡೆ ಹೋಗಲಿಲ್ಲ. ದಾರಿಯ ತಿರುವಿಗೆ ನಡೆದ. ಜರಿಯ ರುಮಾಲು ಬಿಚ್ಚಿ, ಎರಡು ಮಡಿಕೆ ಮಾಡಿ, ಉಳಿದ ರುಮಾಲುಗಳ ಸಾಲಿನಲ್ಲಿ ಇಟ್ಟ. ವಾಪಸು ಬಂದು, ಮಲಿಕಸಾಬ ಕೂಟಕ್ಕೆಂದು ತಂದು ತನ್ನ ಹಿಂದೆ ನಿಲ್ಲಿಸಿದ್ದ ಹದಿನೇಳನೇ ನಂಬರಿನ ಸೈಕಲ್ಲನ್ನು ಹಿಡಿದುಕೊಂಡ.

"ಏನು ಮಾಡ್ತೀಯೋ?" ಎಂದ ಮಲಿಕಸಾಬ.

"ಬಾಡಿಗಿ ಆಮ್ಯಾಲೆ ಕೊಡ್ತೀನಿ, ಕಾಕಾ."

ಬೋಳು ತಲೆಯ, ನಡುವಯಸ್ಸಿನ ಮನುಷ್ಯ ಹಳೆಯ ಸೈಕಲ್ಲನ್ನು ಸೀಟಿನಿಂದೆದ್ದು ತುಳಿಯುವುದನ್ನು ನೋಡಿ ಮೊದಲು ಯಾರೋ ನಕ್ಕರು. ಅವನು ತಿರುವಿಗೆ ಬರುವಷ್ಟರಲ್ಲಿ ನಗೆ ನಿಂತಿತ್ತು. ದಾರಿ ಪೂರ್ತಿ ಖಾಲಿಯಿತ್ತು. ರೇವಪ್ಪ ಹ್ಯಾಂಡಲ್ ಹೊರಕ್ಕೆ ತಿರುಗಿಸಿ ತನ್ನ ರುಮಾಲಿನ ನಟ್ಟನಡುವೆ ಗಾಲಿ ಹಾಯಿಸಿದ. ಸುತ್ತು ಮುಗಿಸಿ ಗೌಡರ ಎದುರಿಗೆ ಬಂದು ಕಾಲೂರಿ ನಿಂತ. ಏದುಸಿರು ಬರುತ್ತಿತ್ತು.

"ಗೌಡ್ರ, ನಾ ಈಗ ಏನು?"

"ಹುಚ್ಚ ಅದಿ."

"ಕಟ್ಟಳೆ ಪ್ರಕಾರ ಕೇಳಾಕತ್ತೀನಿ."

ಗೌಡರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲವೆಂದಲ್ಲ. ಇಷ್ಟು ಮಂದಿಯ ಕಣ್ಣೆದುರು ಬರುತ್ತಿರಲಿಲ್ಲ. "ಔಟ್," ಎಂದರು.

"ಹಂಗಾದ್ರ ನನ್ನ ಹೆಸರಿಗೂ ಗಂಟಿ ಇಲ್ಲ. ಆ ಕಪ್ಪು ನಂದಲ್ಲ."

ಗೌಡರ ಮುಖ ಕೆಂಪಾಯಿತು. ಆದರೆ ಅವರೂ ಹಟಮಾರಿಯೇ. "ಮೂರನೇದಾಂವ ಇದ್ದಾನ. ಖಾಜಾಸಾಬ, ಬಾ."

ಖಾಜಾಸಾಬ ಹೊಟ್ಟೆ ಸವರಿಕೊಂಡ. ಕಪ್ಪನ್ನು ನೋಡಿದ, ರೇವಪ್ಪನನ್ನು ನೋಡಿದ. ಜೀವಮಾನದಲ್ಲಿ ಒಂದೇ ಸಲ ಗೆದ್ದವನು, ಅದೂ ಬಣವೆಯೊಳಗೆ. ಗೌಡರ ಕಡೆ ಎರಡು ಹೆಜ್ಜೆ ಇಟ್ಟವನು ತಿರುಗಿ ತನ್ನ ರುಮಾಲು ಬಿಚ್ಚತೊಡಗಿದ.

"ಸೈಕಲ್ ಈ ಕಡೆ ತಾ, ರೇವಪ್ಪ. ಬ್ರೇಕ್ ಅದಾವೇನು?"

"ಇಲ್ಲ."

"ಛಲೋ ಆತು."

ಅವನು ತನ್ನ ರುಮಾಲಿನ ಮೇಲೆ ಹಾದು, ನಿಲ್ಲಿಸಲಾರದೆ ಮಂದಿಯ ನಡುವೆಯೇ ನುಗ್ಗಿದಾಗ ನಾಲ್ಕು ಜನ ಹಿಡಿದುಕೊಂಡರು. ಯಾರೋ ಗಂಟೆ ಬಾರಿಸಿದರು, ಯಾರೋ ಸಿಳ್ಳು ಹಾಕಿದರು.

"ನಾಲ್ಕನೇದಾಂವ!" ಎಂದು ಗೌಡರು ಗದರಿದರು. ಅಂದ ಮೇಲೆಯೇ ಅವರಿಗೆ ನೆನಪಾಯಿತು. ಆ ವರ್ಷ ನಾಲ್ಕನೆಯವನಾಗಿ ಬಂದವನು ಅವರ ಭಾವಮೈದುನ ಮಲ್ಲಣ್ಣ.

ಮಂದಿಯೆಲ್ಲ ಅವನ ಕಡೆ ತಿರುಗಿದರು. ಮಲ್ಲಣ್ಣ ಮುಂದೆ ಬಂದ. ಕಪ್ಪಿಗೆ ಕೈ ಚಾಚಲಿಲ್ಲ, ರುಮಾಲಿಗೂ ಕೈ ಹಾಕಲಿಲ್ಲ.

"ನಾ ಸೈಕಲ್ ಹತ್ತೂದಿಲ್ರಿ, ಭಾವಾ."

"ಶಾಣ್ಯಾ ಅದಿ. ತಗೋ."

"ಶಾಣ್ಯಾತನ ಅಲ್ರಿ. ನಾ ಮುದ್ದೇಬಿಹಾಳದಾಗ ಒಮ್ಮೆ ದಾಟೀನಿ. ಇನ್ನೊಮ್ಮೆ ಯಾಕ ದಾಟಲಿ?"

ಗೌಡರು ಕಪ್ಪಿನ ಹಿಡಿಗಳೆರಡನ್ನೂ ಬಿಗಿಯಾಗಿ ಹಿಡಿದು ನಿಂತಿದ್ದರು. ಕೊಡಲು ಅವರಿಗೆ ಇನ್ನು ಯಾರೂ ಉಳಿದಿರಲಿಲ್ಲ. ಆ ಶರ್ಯತ್ತಿನಲ್ಲಿ ಕೊನೆಯ ತನಕ ಓಡಿದವರು ನಾಲ್ಕೇ ಜನ.

ಮಲಿಕಸಾಬ ಅಪ್ಪಣೆ ಕೇಳಲಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡ. "ಎಪ್ಪತ್ತೊಂದು! ಹದಿನೇಳನೇ ನಂಬರು! ಇಂಡಿ ರೋಡ್ ಖಂಡೆಪ್ಪ!"

"ಜೋರಾಗಿ ಕೂಗ್ರಿ!" ಎಂದಳು ಸೀತವ್ವ. "ಏಳು ವರ್ಷದ್ದು ಬಾಕಿ ಐತಿ."

ಮಲಿಕಸಾಬ ಗಂಟಲು ಹರಿಯುವಂತೆ ಇನ್ನೊಮ್ಮೆ ಕೂಗಿದ. ಸೀತವ್ವನ ಗಂಟೆಗೆ ತುಕ್ಕು ಹಿಡಿದಿತ್ತು. ಮೊದಲ ಒತ್ತಿಗೆ ಕರಕರ ಎಂದಿತು, ಎರಡನೆಯದಕ್ಕೆ ಬಿಟ್ಟುಕೊಂಡಿತು. ಆಮೇಲೆ ಯಾವುದು ಯಾರ ಗಂಟೆ ಎಂದು ತಿಳಿಯಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಚುನಾವಣೆಯ ಜೀಪು ತನ್ನ ಕೂಗು ನಿಲ್ಲಿಸಿ, ಇದು ಯಾವ ಪಕ್ಷದ್ದೆಂದು ನೋಡಿತು.

ಗೌಡರು ಗಂಟೆ ಬಾರಿಸಲಿಲ್ಲ. ಬಿಟ್ಟು ಹೋಗಲೂ ಇಲ್ಲ. ಸದ್ದು ಅಡಗಿದ ಮೇಲೆ ಸೀತವ್ವನ ಹತ್ತಿರ ಬಂದು ಕಪ್ಪು ಚಾಚಿದರು.

ಸೀತವ್ವ ಅದನ್ನು ಮೇಲಿಂದ ಕೆಳಗೆ ನೋಡಿದಳು. "ಇದನ್ನ ಒಯ್ದು ಏನ್ ಮಾಡ್ಲಿ, ಗೌಡ್ರ? ನೀರು ಕುಡಿಯಾಕಂದ್ರ ಎರಡೂ ಕಡಿ ಹಿಡಿ ಅಡ್ಡ ಬರ್ತಾವ. ನೀವೇ ಇಟ್ಗೋರಿ. ಮುಂದಿನ ವರ್ಷ ಇಂಡಿ ಪಾಳಿ. ಅಲ್ಲಿ ಬಂದು ಕೂಗಸ್ರಿ, ಅವನ ಕೇರಿ ಮುಂದ."

ರೇವಪ್ಪ ತಿರುವಿಗೆ ಹೋಗಿ ತನ್ನ ರುಮಾಲು ಎತ್ತಿಕೊಂಡ. ಜರಿಯ ಅಡ್ಡಕ್ಕೆ ಟಾಯರಿನ ಗುರುತು ಅಚ್ಚೊತ್ತಿತ್ತು.

"ಝಾಡಿಸ್ಕೋ," ಎಂದ ಖಾಜಾಸಾಬ. "ಮನ್ಯಾಗ ಬೈತಾರ."

"ಬೈಲಿ," ಎಂದ ರೇವಪ್ಪ. ಝಾಡಿಸಲಿಲ್ಲ. ಗಾಲಿಯ ಗುರುತು ಹಣೆಯ ಮೇಲೆ ಎದ್ದು ಕಾಣುವಂತೆ ರುಮಾಲು ಸುತ್ತಿಕೊಂಡು ಗೌಡರ ಎದುರಿಗೇ ಹಾದು ಬಸ್ಸಿನ ಕಡೆ ನಡೆದ.