ಬಾವಿಯ ಸುತ್ತು

ನನಗೆ ನೇರವಾಗಿ ಈಜಲು ಬರುವುದಿಲ್ಲ ಎಂದು ಗೊತ್ತಾದದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಚಳ್ಳಕೆರೆಯ ಹೊಸ ಈಜುಕೊಳದಲ್ಲಿ, ನಾಲ್ವರು ಹುಡುಗರ ಕಣ್ಣೆದುರು. ಅಲ್ಲಿಯವರೆಗೆ ನಮ್ಮೂರು ಸಿದ್ದಾಪುರದ ಸುತ್ತಮುತ್ತ ನನ್ನಷ್ಟು ಚೆನ್ನಾಗಿ ಈಜುವವರು ಯಾರೂ ಇಲ್ಲವೆಂದು ನಂಬಿದ್ದೆ. ಈಗಲೂ ನಂಬಿದ್ದೇನೆ, ಆ ಮಾತು ಬೇರೆ.

ಲೈಫ್‌ಗಾರ್ಡ್ ತರಬೇತಿ ಹತ್ತು ದಿನದ್ದು. ಕೊಳದ ಮಾಲೀಕ ಮಲ್ಲಿಕಾರ್ಜುನಪ್ಪನವರು ಮೊದಲೇ ಹೇಳಿಬಿಟ್ಟಿದ್ದರು: ಸಂಜೆ ನಾಲ್ಕರಿಂದ ಆರು ಹೆಂಗಸರ ಹೊತ್ತು, ಅದನ್ನು ಕಾಯಲು ಒಬ್ಬ ಹೆಣ್ಣುಮಗಳಾದರೂ ಪಾಸಾಗದಿದ್ದರೆ ಆ ಹೊತ್ತೇ ಇರುವುದಿಲ್ಲ. ಬಂದ ಹೆಣ್ಣು ನಾನೊಬ್ಬಳೇ. ಬಿ.ಎ. ಮುಗಿಸಿ ಎರಡು ವರ್ಷ ಮೊಳಕಾಲ್ಮೂರು ಸೀರೆಗಳಿಗೆ ಕುಚ್ಚು ಕಟ್ಟಿದ್ದೆ. ಕುಚ್ಚು ಕಟ್ಟುವುದರಲ್ಲಿ ತಪ್ಪೇನಿಲ್ಲ, ಆದರೆ ನನ್ನಂಥವಳನ್ನು ಒಂದೇ ಕಡೆ ಕೂರಿಸುವುದು ತಪ್ಪು. ಈ ಕೆಲಸ ನನಗೆ ಬೇಕೇ ಬೇಕಿತ್ತು.

ಮೊದಲ ದಿನ ತರಬೇತುದಾರ ಚಂದ್ರಣ್ಣ ಸರ್ ಸೀಟಿ ಊದಿದರು. ಹುಡುಗರು ಗೆರೆ ಎಳೆದಂತೆ ಹೋದರು. ನಾನು ಹತ್ತು ಕೈ ಹಾಕುವಷ್ಟರಲ್ಲಿ ಬಲಕ್ಕೆ ತಿರುಗಿ, ಸಾಲುಗಳ ನಡುವಿನ ಹಗ್ಗದಡಿ ನುಸುಳಿ, ಪಕ್ಕದ ಸಾಲಿನ ಹುಡುಗ ಅಫ್ಜಲ್‌ನ ಹೊಟ್ಟೆಗೆ ತಲೆ ಕೊಟ್ಟೆ.

"ಏನವ್ವಾ ತೇಜಶ್ರೀ, ನಿನ್ನ ಗಾಣಕ್ಕೆ ಕಟ್ಟಿದ್ರಾ?" ಎಂದರು ಸರ್.

"ಬಾವಿ ಸರ್. ಇಪ್ಪತ್ತಡಿ ಬಾವಿ. ನೆಟ್ಟಗೆ ಹೋದ್ರೆ ಕಲ್ಲಿಗೆ ಹೊಡಕಂತೀವಿ."

ನನಗೆ ಈಜು ಕಲಿಸಿದವಳು ಅಜ್ಜಿ ಯರ್ರಮ್ಮ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹೊಲದ ಬಾವಿಗೆ ಇಳಿಸುತ್ತಿದ್ದಳು. ನಡುವೆ ಒಂದು ತೆಂಗಿನಕಾಯಿ ತೇಲಿಬಿಡುತ್ತಿದ್ದಳು. ನಾನು ಅದನ್ನು ಸುತ್ತಿ ಹೋಗಿ ಹಿಂದಿನಿಂದ ಹಿಡಿದು ತರಬೇಕು. ಎದುರಿನಿಂದ ಕೈ ಹಾಕಿದರೆ ಮೆಟ್ಟಿಲಿಗೆ ಬಂದ ಕೂಡಲೇ ತಲೆಗೆ ಮೊಟಕು. ತೆಂಗಿನಕಾಯಿಗೆ ಹಿಂದು ಮುಂದು ಏನಜ್ಜಿ ಎಂದರೆ ಇನ್ನೊಂದು ಮೊಟಕು.

ನೂರು ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕಿತ್ತು. ಎಂಟನೆಯ ದಿನವೂ ನಾನು ಇಪ್ಪತ್ತು ಸೆಕೆಂಡು ಹಿಂದಿದ್ದೆ. "ಹಿಂಗಾದ್ರೆ ನಾನು ಸಹಿ ಹಾಕಾಕಾಗಲ್ಲ ಕಣವ್ವಾ," ಎಂದರು ಸರ್. ಸಿಟ್ಟು ನೆತ್ತಿಗೇರಿತು. ಬಸ್ಸು ಹಿಡಿದು ಊರಿಗೆ ಹೋಗಿ, ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದೆ ನಿಂತೆ.

"ನೀನು ಸುತ್ತೋದು ಕಲಿಸಿದ್ದಕ್ಕೆ ನನ್ನ ಕೆಲಸ ಹೋಗ್ತೈತೆ. ನೆಟ್ಟಗೆ ಹೋಗೋದು ಕಲಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅಜ್ಜಿ ಕಡಲೆಕಾಯಿ ಕೆಳಗಿಟ್ಟಳು. "ನಮ್ಮಕ್ಕ ಮುಳುಗುವಾಗ ನಾನು ನೆಟ್ಟಗೇ ಹೋದೆ ಅಮ್ಮಾಯಿ. ಕೊರಳಿಗೆ ಎರಡೂ ಕೈ ಹಾಕಿ ಅಮರಿಕೊಂಡ್ಲು. ನಾನೂ ಮುಳುಗಿದೆ. ಒದ್ದು ಬಿಡಿಸ್ಕಂಡೆ."

ಅವಳು ಮತ್ತೆ ಕಡಲೆಕಾಯಿ ಎತ್ತಿಕೊಂಡಳು. ಅಜ್ಜಿಗೆ ಒಬ್ಬಳು ಅಕ್ಕ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಆಡಿದ ಮಾತಿಗೆ ನಾಚಿಕೆಯಾಯಿತು. ಅವಳ ಪಕ್ಕ ಕೂತು ಕಡಲೆಕಾಯಿ ಸುಲಿದೆ.

ಹತ್ತನೆಯ ದಿನ ಪರೀಕ್ಷೆ. ಮೊದಲು ನೂರು ಮೀಟರ್. ಹುಡುಗರು ನಾಲ್ವರೂ ಪಾಸು. ನಾನು ಆರು ಸೆಕೆಂಡು ತಡವಾಗಿ ಫೇಲಾದೆ.

ಆಮೇಲೆ ಮುಳುಗುವವನನ್ನು ಎಳೆದು ತರುವ ಪರೀಕ್ಷೆ. ಮುಳುಗುವವನು ಕೊಳದ ಮೋಟರ್ ನೋಡಿಕೊಳ್ಳುವ ಓಬಳೇಶ, ತೊಂಬತ್ತು ಕೆಜಿ ಆಳು. ಕೈಗೆ ಸಿಕ್ಕವರನ್ನು ಬಿಡಬೇಡ ಎಂದು ಸರ್ ಅವನಿಗೆ ಹೇಳಿಟ್ಟಿದ್ದರು. ಅಫ್ಜಲ್ ಬಾಣದಂತೆ ಹೋದ. ಓಬಳೇಶ ಅವನನ್ನು ತಬ್ಬಿಕೊಂಡು ನೀರಿನಡಿಗೆ ಒಯ್ದ. ಸರ್ ಸೀಟಿ ಊದಿ ಬಿಡಿಸಿದರು. ಉಳಿದ ಮೂವರ ಗತಿಯೂ ಅದೇ ಆಯಿತು.

ನನ್ನ ಸರದಿ ಬಂತು. ತಲೆ ನೀರಿನ ಮೇಲಿಟ್ಟು, ಅವನಿಂದ ಎರಡು ಮಾರು ದೂರದಲ್ಲಿ ಬಲಕ್ಕೆ ಹೊರಳಿದೆ. ಅವನೂ ತಿರುಗಿದ. ನಾನು ಇನ್ನೂ ಜೋರಾಗಿ ಸುತ್ತಿದೆ. ಸುತ್ತುವುದರಲ್ಲಿ ನನ್ನನ್ನು ಮೀರಿಸುವುದುಂಟೇ? ಅವನ ಬೆನ್ನು ಕಂಡದ್ದೇ ಕಂಕುಳಿಗೆ ಕೈ ಹಾಕಿ, ಅಂಗಾತ ಕೆಡವಿ, ದಡಕ್ಕೆ ಎಳೆದುಕೊಂಡು ಬಂದೆ.

ಸರ್ ಹಾಳೆ ನೋಡಿ ತಲೆ ಕೆರೆದುಕೊಂಡರು. ಎರಡರಲ್ಲೂ ಪಾಸಾದವರು ಒಬ್ಬರೂ ಇರಲಿಲ್ಲ.

"ಮೂರು ದಿನ ಬಿಟ್ಟು ಇನ್ನೊಂದ್ಸಲ," ಎಂದರು. "ಅಲ್ಲೀತಂಕ ಅವರಿಗೆ ನೀನು ಸುತ್ತೋದು ಕಲಿಸು. ನಿನಗೆ ಅವರು ನೆಟ್ಟಗೆ ಹೋಗೋದು ಕಲಿಸ್ಲಿ."

ನಾನು ಅಂಗಡಿಯಿಂದ ತೆಂಗಿನಕಾಯಿ ತಂದೆ. ಎದುರಿನಿಂದ ಕೈ ಹಾಕಿದವರಿಗೆ ಮೊಟಕಿದೆ. ಅಫ್ಜಲ್ ನನ್ನ ತಪ್ಪು ಹಿಡಿದ: "ಅಕ್ಕಾ, ನೀವು ತಲೆ ಮೇಲಿಟ್ಟು ಗೋಡೆ ನೋಡ್ತೀರಿ. ಮುಖ ನೀರೊಳಗೆ ಹಾಕ್ರಿ, ತಳದಾಗಿನ ಕಪ್ಪು ಪಟ್ಟೆ ನೋಡ್ರಿ." ಬಾವಿಯಲ್ಲಿ ತಳ ಕಂಡವರು ಯಾರು? ಇಲ್ಲಿ ಕಂಡಿತು.

ಮರುಪರೀಕ್ಷೆಗೆ ಅಜ್ಜಿಯನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದೆ. ಈ ಸಲ ಓಬಳೇಶನ ಪರೀಕ್ಷೆ ಮೊದಲು. ನಾಲ್ವರು ಹುಡುಗರೂ ಒಬ್ಬರಾದ ಮೇಲೊಬ್ಬರು ಅವನನ್ನು ಬಲಕ್ಕೆ ಸುತ್ತಿ, ಬೆನ್ನ ಹಿಂದಿನಿಂದ ಹಿಡಿದು ತಂದರು. ಒಬ್ಬನೂ ಮುಳುಗಲಿಲ್ಲ.

"ಇವರಿಗೆ ಯಾರು ಹೇಳಿಕೊಟ್ರು?" ಎಂದಳು ಅಜ್ಜಿ.

"ನೀನೇ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ಸರ್ ನೂರು ಮೀಟರಿಗೆ ನನ್ನ ಹೆಸರು ಕರೆದರು. ಅಜ್ಜಿ ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದಳು.

"ಈಗ ಯಾರೂ ಮುಳುಗ್ತಿಲ್ಲ ಅಮ್ಮಾಯಿ. ನೆಟ್ಟಗೆ ಹೋಗು."

ಮುಖ ನೀರಿಗಿಟ್ಟೆ. ಕಪ್ಪು ಪಟ್ಟೆಯ ಮೇಲೆಯೇ ಹೋಗಿ ಬಂದೆ. ಎರಡು ನಿಮಿಷಕ್ಕೆ ಇನ್ನೂ ಮೂರು ಸೆಕೆಂಡು ಬಾಕಿಯಿತ್ತು.